ಕಿಸೆಗೆ ತಿಳಿದದ್ದು ಕಿವಿಗೆ ತಿಳಿಯಲಿಲ್ಲ

ಆಡಿಯೊ ಅಂಗಡಿಯ ಕೇಳುಕೋಣೆಯಲ್ಲಿ ಕೂತವರಿಗೆ ಒಂದು ಮಾತಂತೂ ತಪ್ಪದೆ ಕಿವಿಗೆ ಬೀಳುತ್ತದೆ: ‘ಸಾರ್, ತಗೊಳ್ಳೋದು ಬಿಡೋದು ಆಮೇಲೆ. ಒಂದ್ಸಲ ಇದನ್ನೂ ಕೇಳಿಬಿಡಿ.’ ‘ಇದು’ ಅಂದರೆ ನೀವು ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ಬಜೆಟ್ಟಿನ ಎರಡರಷ್ಟು ಬೆಲೆಯದು. ಎಸಿ ಕೋಣೆ, ನೆಲಕ್ಕೆ ದಪ್ಪ ಕಾರ್ಪೆಟ್, ಗೋಡೆಗೆ ಬಟ್ಟೆ ಹೊದಿಸಿದ ಪ್ಯಾನೆಲ್, ಮಂದ ಬೆಳಕು. ಅಲ್ಲಿ ಹಾಡು ಶುರುವಾದರೆ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಐವತ್ತು ಸಾವಿರದ ಜೋಡಿಗಿಂತ ಲಕ್ಷದ ಜೋಡಿ ವಾಸಿ, ಅದಕ್ಕಿಂತ ಎರಡು ಲಕ್ಷದ್ದು ಇನ್ನೂ ವಾಸಿ ಅನ್ನಿಸುತ್ತದೆ. ಹೀಗೆ ಹತ್ತುತ್ತ ಹೋದರೆ ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳುವುದು ಅಂಗಡಿಯವರ ಕೆಲಸವೂ ಅಲ್ಲ ಬಿಡಿ.

ಮೆಟ್ಟಿಲು ಮುಗಿಯುವುದಂತೂ ಖರೆ. ಅಂಗಡಿಯವರು ತೋರಿಸುವುದಕ್ಕಿಂತ ಬಹಳ ಕೆಳಗೇ ಮುಗಿಯುತ್ತದೆ. ಆದರೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಎತ್ತರದಲ್ಲಿ ಅಲ್ಲ. ಕೇಬಲ್ಲಿನಲ್ಲಿ ಮೊದಲ ಮೆಟ್ಟಿಲೇ ಕೊನೆಯದು. ಆಂಪ್ಲಿಫೈಯರಿನಲ್ಲಿ ಸ್ವಲ್ಪ ಮೇಲಕ್ಕೆ ಹೋಗಬಹುದು. ಸ್ಪೀಕರಿನಲ್ಲಿ ಇನ್ನೂ ಮೇಲಕ್ಕೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಯಾವ ಶೋರೂಮಿನಲ್ಲೂ ಮಾರಾಟಕ್ಕಿಲ್ಲ. ಅದರ ಮಾತು ಆಮೇಲೆ.

‘ಸ್ಟೀರಿಯೊ ರಿವ್ಯೂ’ ಎಂಬ ಅಮೆರಿಕದ ಪತ್ರಿಕೆ 1987ರ ಜನವರಿ ಸಂಚಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಹಾಕಿತು. ಸುಮಾರು 220 ಡಾಲರಿನ ಸಾದಾ ರಿಸೀವರಿನಿಂದ ಹಿಡಿದು 12,000 ಡಾಲರಿನ ವಾಲ್ವ್ ಆಂಪ್ಲಿಫೈಯರಿನವರೆಗೆ ಬೇರೆಬೇರೆ ಬೆಲೆಯವನ್ನು ಒಟ್ಟಿಗೆ ಇಟ್ಟು, ಎಲ್ಲದರ ದನಿಯ ಮಟ್ಟವನ್ನೂ ಒಂದೇ ಸಮಕ್ಕೆ ತಂದು, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ 25 ಜನರಿಗೆ ಕೇಳಿಸಿದರು. ‘ಆಂಪ್ಲಿಫೈಯರ್ ಬದಲಾದರೆ ನನಗೆ ತಕ್ಷಣ ಗೊತ್ತಾಗುತ್ತದೆ’ ಎಂದು ಎದೆ ತಟ್ಟುವವರೂ ಅವರಲ್ಲಿದ್ದರು, ಎಲ್ಲ ಒಂದೇ ಎನ್ನುವವರೂ ಇದ್ದರು. ಉತ್ತರಗಳನ್ನೆಲ್ಲ ಕೂಡಿಸಿ ನೋಡಿದರೆ, ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯುತ್ತರ ಬರುತ್ತಿತ್ತು.

ಅದಕ್ಕೂ ಎರಡು ವರ್ಷ ಮೊದಲು ಬಾಬ್ ಕಾರ್ವರ್ ಎಂಬ ಎಂಜಿನಿಯರ್ ‘ಸ್ಟೀರಿಯೊಫೈಲ್’ ಪತ್ರಿಕೆಯ ಸಂಪಾದಕರಿಗೇ ಸವಾಲು ಹಾಕಿದ್ದ. ನೀವು ಮೆಚ್ಚಿದ ದುಬಾರಿ ಆಂಪ್ಲಿಫೈಯರ್ ಯಾವುದಾದರೂ ತನ್ನಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರವೂ ಹಾಗೆಯೇ ನುಡಿಯುವಂತೆ ಮಾಡುತ್ತೇನೆ ಎಂದ. ಹೋಟೆಲ್ ಕೋಣೆಯಲ್ಲಿ ಸಾಲ್ಡರಿಂಗ್ ಐರನ್ ಹಿಡಿದು ಕೂತು, ಎರಡೂ ಯಂತ್ರಗಳ ಹೊರಹರಿವನ್ನು ಒಂದರಿಂದೊಂದು ಕಳೆದು, ಉಳಿದ ವ್ಯತ್ಯಾಸವನ್ನು ಅಳೆಯುತ್ತ, ತಿದ್ದುತ್ತ ಹೋದ. ಕೊನೆಗೆ ಆ ಪಳಗಿದ ಕಿವಿಗಳಿಗೂ ಯಾವುದು ಯಾವುದೆಂದು ಹೇಳಲಾಗಲಿಲ್ಲ.

ಆಂಪ್ಲಿಫೈಯರಿಗೆ ಇರುವುದು ಒಂದೇ ಕೆಲಸ. ಒಳಗೆ ಬಂದದ್ದನ್ನು ಆಕಾರ ಕೆಡಿಸದೆ ದೊಡ್ಡದು ಮಾಡಿ ಹೊರಗೆ ಕಳಿಸಬೇಕು. ಎಲೆಕ್ಟ್ರಾನಿಕ್ಸ್ ಈ ವಿದ್ಯೆ ಕಲಿತು ದಶಕಗಳೇ ಕಳೆದಿವೆ. ಇಂದು 25–30 ಸಾವಿರ ರೂಪಾಯಿಗೆ ಸಿಗುವ ಒಳ್ಳೆಯ ಆಂಪ್ಲಿಫೈಯರಿನ ಡಿಸ್ಟಾರ್ಷನ್ ಶೇ 0.1ಕ್ಕಿಂತ ಎಷ್ಟೋ ಕಡಿಮೆ. ಅದಕ್ಕೆ ಜೋಡಿಸಿದ ಸ್ಪೀಕರ್ ಮಾತ್ರ, ಒಳ್ಳೆಯದೇ ಆಗಿದ್ದರೂ, ಗಟ್ಟಿ ಬೇಸ್ ನುಡಿಸುವಾಗ ಶೇ 1ರಷ್ಟು ಕೆಡಿಸಿಬಿಡುತ್ತದೆ. ಹೀಗಿರುವಾಗ ಆಂಪ್ಲಿಫೈಯರಿನಲ್ಲಿ ಇನ್ನೊಂದು ಸೊನ್ನೆ ಸೇರಿಸಿಕೊಳ್ಳಲು ಲಕ್ಷ ಸುರಿದು ಫಲವೇನು?

ವಾಟ್ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಐವತ್ತು ವಾಟ್ ಇದ್ದದ್ದನ್ನು ನೂರು ಮಾಡಿದರೆ ದನಿ ಏರುವುದು ಬರೇ 3 ಡೆಸಿಬಲ್, ಅಂದರೆ ‘ಸ್ವಲ್ಪ ಜಾಸ್ತಿ ಆಯ್ತಲ್ಲ’ ಅನ್ನಿಸುವಷ್ಟು. ಕಿವಿಗೆ ಎರಡರಷ್ಟು ಜೋರಾಗಿ ಕೇಳಬೇಕಾದರೆ 10 ಡೆಸಿಬಲ್ ಏರಬೇಕು, ಅದಕ್ಕೆ ವಾಟ್ ಹತ್ತರಷ್ಟಾಗಬೇಕು. ಸಾಮಾನ್ಯ ಸ್ಪೀಕರ್ ಒಂದೇ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 86–87 ಡೆಸಿಬಲ್ ಕೊಡುತ್ತದೆ. ಮನೆಯ ಹಾಲಿನಲ್ಲಿ ಕೂತು ಹಾಡು ಕೇಳುವಾಗ ಸರಾಸರಿ ಖರ್ಚಾಗುವುದು ಒಂದು ವಾಟ್‌ಗೂ ಕಡಿಮೆ. ಮೃದಂಗದ ಪೆಟ್ಟು, ಚೆಂಡೆಯ ಏಟು ಬಂದಾಗ ಕ್ಷಣಕಾಲ ಇಪ್ಪತ್ತು–ಮೂವತ್ತಕ್ಕೆ ಜಿಗಿಯಬಹುದು, ಅಷ್ಟೇ. ದೊಡ್ಡ ಹಾಲ್, ಹಟಮಾರಿ ಸ್ಪೀಕರ್, ಪಕ್ಕದ ಮನೆಯವರ ಹಂಗಿಲ್ಲದ ತೋಟದ ಮನೆ ಇದ್ದವರು ಹೆಚ್ಚು ಶಕ್ತಿಯ ಯಂತ್ರ ಕೊಳ್ಳಲಿ. ಉಳಿದವರಿಗೆ ಐವತ್ತು–ಅರವತ್ತು ಧಾರಾಳ.

ಡಿಜಿಟಲ್ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ‘ಡ್ಯಾಕ್’ ಎಂಬ ಪುಟ್ಟ ಪೆಟ್ಟಿಗೆಯದು ಇನ್ನೂ ವಿಚಿತ್ರ ಕಥೆ. ಆ್ಯಪಲ್ ಕಂಪನಿ ಇಯರ್‌ಫೋನ್ ಚುಚ್ಚಲು 9 ಡಾಲರಿಗೆ ಮಾರುವ ಬೆರಳುದ್ದದ ಅಡಾಪ್ಟರಿನೊಳಗೆ ಒಂದು ಡ್ಯಾಕ್ ಇದೆ. ಅಳತೆಯಲ್ಲಿ ಅದು ಮನುಷ್ಯರ ಕಿವಿಯ ಮಿತಿಯನ್ನು ಆರಾಮವಾಗಿ ದಾಟುತ್ತದೆ. ಹತ್ತು ಸಾವಿರದ ಆಸುಪಾಸಿನ ಮೇಜಿನ ಡ್ಯಾಕ್ ಅದಕ್ಕೂ ಸ್ವಚ್ಛ. ಆಮೇಲಿನದ್ದೆಲ್ಲ ಅಲ್ಯೂಮಿನಿಯಂ ಕವಚ, ಗುಂಡಿ, ದೀಪ.

ಕೇಬಲ್ಲಿನ ಮೇಲೆ ಬಹಳ ಹೊತ್ತು ಕಳೆಯುವುದು ಬೇಡ. ಮಿಕ್ಸಿ, ಫ್ರಿಜ್ಜಿನ ಪ್ಲಗ್ ಪಾಯಿಂಟಿಗೆ ಎಲೆಕ್ಟ್ರಿಷಿಯನ್ ಎಳೆಯುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇದೆಯಲ್ಲ, ಅದೇ ಸಾಕು. ಐದು ಮೀಟರ್ ದೂರದ ಸ್ಪೀಕರಿಗೆ ಹೋಗಿಬರುವ ಹತ್ತು ಮೀಟರಿನಲ್ಲಿ ಅದರ ಪ್ರತಿರೋಧ ಒಂದು ಓಮ್‌ನ ಹದಿಮೂರನೇ ಒಂದು ಭಾಗ. ಎಂಟು ಓಮ್ ಸ್ಪೀಕರಿನ ಮುಂದೆ ಇಳಿಯುವ ದನಿ ಒಂದು ಡೆಸಿಬಲ್‌ನ ಹತ್ತನೇ ಒಂದು ಭಾಗವೂ ಅಲ್ಲ. 2007ರಲ್ಲಿ, ಪವಾಡಗಳನ್ನು ಬಯಲಿಗೆಳೆಯುವುದಕ್ಕೆ ಹೆಸರಾಗಿದ್ದ ಜೇಮ್ಸ್ ರ‍್ಯಾಂಡಿ ಒಂದು ಪಂಥ ಕಟ್ಟಿದರು: 12 ಅಡಿ ಜೋಡಿಗೆ 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ಲನ್ನು ಮಾಮೂಲಿ ಕೇಬಲ್ಲಿನಿಂದ ಕೇಳಿಯೇ ಬೇರ್ಪಡಿಸಿದವರಿಗೆ ಹತ್ತು ಲಕ್ಷ ಡಾಲರ್. ವಿಮರ್ಶಕರೊಬ್ಬರು ಮುಂದೆ ಬಂದರು, ಕೇಬಲ್ ಕಂಪನಿ ಹಿಂದೆ ಸರಿಯಿತು. ಪರೀಕ್ಷೆ ನಡೆಯಲೇ ಇಲ್ಲ. ಲಕ್ಷ ಬೆಲೆಯ ಪವರ್ ಕಾರ್ಡ್ ಕೊಳ್ಳುವವರೂ ನಮ್ಮಲ್ಲಿದ್ದಾರೆ. ಬೆಸ್ಕಾಂ ಕಂಬದಿಂದ ಗೋಡೆಯ ಸಾಕೆಟ್ಟಿನವರೆಗೆ ಮಾಮೂಲಿ ತಂತಿಯಲ್ಲೇ ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಸಂಸ್ಕಾರವಂತ ಆಗಿಬಿಡುತ್ತದೆಂದು ಅವರ ನಂಬಿಕೆ. ಸ್ಪೀಕರಿನಲ್ಲಿ ಸದಾ ‘ಗುಂಯ್’ ಎನ್ನುವ ಶಬ್ದ ಬರುತ್ತಿದ್ದರೆ ಕೇಬಲ್ ಬದಲಿಸುವ ಮೊದಲು ಮನೆಯ ಅರ್ತಿಂಗ್ ತೋರಿಸಿ. ಆ ಕೆಲವು ಸಾವಿರ ದಂಡವಲ್ಲ, ಮನೆಮಂದಿಯ ಸುರಕ್ಷತೆಗೂ ಆಯಿತು.

ಸಿ.ಡಿ. ಸಾಲದೇ?

ಸೋನಿ ಕಂಪನಿ 1982ರಲ್ಲಿ ತನ್ನ ಮೊದಲ ಸಿ.ಡಿ. ಪ್ಲೇಯರನ್ನು ಜಪಾನಿನಲ್ಲಿ 1,68,000 ಯೆನ್‌ಗೆ ಮಾರುಕಟ್ಟೆಗೆ ಬಿಟ್ಟಿತು. ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೂ 16 ಬಿಟ್: ಅಂದು ನಿಗದಿಯಾದ ಈ ಲೆಕ್ಕ 22,000 ಹರ್ಟ್ಸಿನವರೆಗಿನ ದನಿಯನ್ನು ಹಿಡಿದಿಡುತ್ತದೆ. ಎಳೆಯ ಕಿವಿಗೆ 20,000 ಹರ್ಟ್ಸಿನ ಹತ್ತಿರದವರೆಗೆ ಕೇಳಿಸುತ್ತದೆ, ಐವತ್ತು ದಾಟಿದವರಿಗೆ ಹನ್ನೆರಡು–ಹದಿನಾಲ್ಕು ಸಾವಿರ ಕೇಳಿದರೆ ಅದೃಷ್ಟ. ಸಂಬಳ ಏರುವ ಹೊತ್ತಿಗೆ ಕಿವಿ ಇಳಿದಿರುತ್ತದೆ. ದುಬಾರಿ ಆಡಿಯೊ ಮಾರುಕಟ್ಟೆಯ ದೊಡ್ಡ ವ್ಯಂಗ್ಯ ಇದೇ ಇರಬೇಕು.

ಹದಿನಾರು ಬಿಟ್‌ಗೆ ಸಿಗುವ ಏರಿಳಿತದ ವ್ಯಾಪ್ತಿ ಸುಮಾರು 96 ಡೆಸಿಬಲ್. ಫ್ಯಾನು ತಿರುಗುವ, ಹೊರಗೆ ಆಟೊ ಓಡಾಡುವ ನಮ್ಮ ಮನೆಗಳಲ್ಲಿ ಸದ್ದಿಲ್ಲದ ಹೊತ್ತಿನ ಸದ್ದೇ 40 ಡೆಸಿಬಲ್ ಇರುತ್ತದೆ. ಅದರ ಮೇಲೆ 96 ಕೂಡಿಸಿ ನೋಡಿ. ಸಿ.ಡಿ.ಯ ವ್ಯಾಪ್ತಿಯನ್ನು ಪೂರ್ತಿ ಅನುಭವಿಸಲು ಹೊರಟರೆ ಕಿವಿಯ ತಮಟೆ ಉಳಿಯುವುದಿಲ್ಲ. ಆದರೂ 24 ಬಿಟ್, 192 ಕಿಲೊಹರ್ಟ್ಸ್ ಎಂದು ಮುದ್ರೆ ಒತ್ತಿದ ‘ಹೈ–ರೆಸ್’ ಹಾಡುಗಳಿಗೆ ಹೆಚ್ಚು ದುಡ್ಡು ಕೇಳುತ್ತಾರೆ. ಬಾಸ್ಟನ್ ಕಡೆಯ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇಂಥ ಧ್ವನಿಯ ದಾರಿಯ ನಡುವೆ ಗುಟ್ಟಾಗಿ ಸಿ.ಡಿ. ಗುಣಮಟ್ಟದ ಒಂದು ಕಂಡಿ ಜೋಡಿಸಿ, ಕೇಳುಗರಿಗೆ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 554 ಸಲ ಕೇಳಿಸಿದಾಗ ಸರಿಯುತ್ತರ 276. ಸರಿಯಾಗಿ ಅರ್ಧಕ್ಕೆ ಒಂದು ಕಡಿಮೆ. ಇನ್ನೊಂದು ಬದಿಯನ್ನೂ ಹೇಳಬೇಕು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಜರಡಿ ಹಿಡಿದಾಗ ಸರಿಯುತ್ತರ ಶೇ 52.3 ಬಂತು, ತರಬೇತಾದ ಕಿವಿಗಳಿಗೆ ಇನ್ನಷ್ಟು. ವ್ಯತ್ಯಾಸ ಸೊನ್ನೆಯಲ್ಲ ಎಂದು ವಾದಿಸಲು ಅಷ್ಟು ಸಾಕು, ಉಪಕರಣ ಬದಲಿಸಲು ಸಾಲದು. ಲಾಸ್‌ಲೆಸ್ ಸೇವೆ ಕೊಡುವ ಆ್ಯಪಲ್ ಕಂಪನಿಯೇ, ತನ್ನ ಮಾಮೂಲಿ ಸಂಕುಚಿತ ಕಡತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ತಿಳಿಯದಷ್ಟು ಎಂದು ತನ್ನ ಸಹಾಯ ಪುಟದಲ್ಲಿ ಒಪ್ಪಿಕೊಂಡಿದೆ.

ಕಣ್ಣು ಕೇಳಿದ ಹಾಡು

ಹಾಗಾದರೆ ಅಂಗಡಿಯಲ್ಲಿ ಕೇಳಿದ ವ್ಯತ್ಯಾಸ ಸುಳ್ಳೇ? ಕೇಳಿದ್ದು ಸುಳ್ಳಲ್ಲ. ಆದರೆ ಅದು ಬಂದದ್ದು ಕಿವಿಯಿಂದ ಮಾತ್ರವಲ್ಲ.

ಈ ವಿಷಯವನ್ನು ಅರ್ಧ ಶತಮಾನ ಹಿಂಬಾಲಿಸಿದವರು ಫ್ಲಾಯ್ಡ್ ಟೂಲ್. 1965ರಿಂದ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, 1991ರಿಂದ ಅಮೆರಿಕದ ಹರ್ಮನ್ ಕಂಪನಿಯಲ್ಲಿ ಅವರು ಮಾಡಿದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ: ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು ಜನರಿಂದ ಅಂಕ ಹಾಕಿಸುವುದು, ಆ ಅಂಕಗಳನ್ನು ಯಂತ್ರದ ಅಳತೆಗಳ ಜೊತೆ ತಾಳೆ ನೋಡುವುದು. ಸ್ಪೀಕರನ್ನು ಇಟ್ಟ ಜಾಗ ಬದಲಾದರೂ ದನಿ ಬದಲಾಗುವುದರಿಂದ, ಕೆಲವೇ ಸೆಕೆಂಡುಗಳಲ್ಲಿ ಒಂದನ್ನು ಸರಿಸಿ ಅದೇ ಜಾಗಕ್ಕೆ ಇನ್ನೊಂದನ್ನು ತರುವ ಯಂತ್ರವನ್ನೇ ಹರ್ಮನ್‌ನಲ್ಲಿ ಕಟ್ಟಿಸಿದರು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ತಮ್ಮ ಕಂಪನಿಯ ನಲವತ್ತು ನೌಕರರನ್ನೇ ಕೂರಿಸಿ ಒಮ್ಮೆ ಪರದೆ ಎಳೆದು, ಒಮ್ಮೆ ತೆಗೆದು ಅವೇ ಸ್ಪೀಕರುಗಳನ್ನು ಕೇಳಿಸಿದರು. ಕಣ್ಣೆದುರು ಕಾಣುವಾಗ ದೊಡ್ಡ, ಚೆಂದದ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಬಿದ್ದವು, ಚಿಕ್ಕ ಅಗ್ಗದ ಪೆಟ್ಟಿಗೆ ಹಿಂದೆ ಬಿತ್ತು. ಪರದೆ ಎಳೆದಾಗ ಆ ಅಂತರ ಕರಗಿತು. ಇವರೆಲ್ಲ ಆಡಿಯೊ ಕಂಪನಿಯಲ್ಲಿ ಸಂಬಳ ಎಣಿಸುವವರು ಎಂಬುದನ್ನು ಮರೆಯಬೇಡಿ.

ಇದು ಹೊಸ ರೋಗವೂ ಅಲ್ಲ. ಎಡಿಸನ್ ಕಂಪನಿ ಒಂದು ಶತಮಾನದ ಹಿಂದೆ ಊರೂರಿಗೆ ಗಾಯಕರನ್ನು ಕರೆದೊಯ್ದು ‘ಟೋನ್ ಟೆಸ್ಟ್’ ಎಂಬ ಪ್ರದರ್ಶನ ನಡೆಸುತ್ತಿತ್ತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೊಗ್ರಾಫ್. ಹಾಡಿನ ನಡುವೆ ದೀಪ ಆರಿಸಿದರೆ ಹಾಡುತ್ತಿರುವುದು ಹೆಂಗಸೋ ಯಂತ್ರವೋ ಎಂದು ಸಭಿಕರಿಗೆ ತಿಳಿಯುತ್ತಿರಲಿಲ್ಲವೆಂದು ಜಾಹೀರಾತು. ಅಂಥ ಪ್ರದರ್ಶನಗಳಲ್ಲಿ ಹಾಡುತ್ತಿದ್ದ ಆನಾ ಕೇಸ್, ತಾನು ಯಂತ್ರದ ದನಿಗೆ ಹೊಂದುವಂತೆ ತನ್ನ ಕಂಠವನ್ನೇ ಬದಲಿಸಿಕೊಳ್ಳುತ್ತಿದ್ದೆ ಎಂದು ಇಳಿವಯಸ್ಸಿನಲ್ಲಿ ಹೇಳಿಕೊಂಡಳು.

ಎಲ್.ಪಿ. ಅಭಿಮಾನಿಗಳಿಗೆ ಬೇಸರ ತರಿಸುವ ಪ್ರಸಂಗ ಇತ್ತೀಚಿನದು. ಮೂಲ ಟೇಪಿನಿಂದ ಡಿಜಿಟಲ್ ಸೋಂಕಿಲ್ಲದೆ ನೇರವಾಗಿ ಕೊರೆದದ್ದು ಎಂಬ ನಂಬಿಕೆಯ ಮೇಲೆ ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್.ಪಿ.ಗಳಲ್ಲಿ ಹಲವಕ್ಕೆ ವರ್ಷಗಳಿಂದ ನಡುವೆ ಡಿಜಿಟಲ್ ಹಂತವೊಂದು ಇತ್ತು ಎಂದು 2022ರಲ್ಲಿ ಹೊರಬಿತ್ತು. ಡಿಜಿಟಲ್ ಎಂದರೆ ಸಾಕು, ಕಿವಿಗೆ ಮುಳ್ಳು ಚುಚ್ಚುತ್ತದೆ ಎನ್ನುತ್ತಿದ್ದವರೂ ಅಷ್ಟು ವರ್ಷ ಅವುಗಳನ್ನು ಅನಲಾಗಿನ ಮಾದರಿ ಎಂದು ಹೊಗಳಿದ್ದರು. ವ್ಯಾಜ್ಯ ಹೂಡಿದರು, ಪರಿಹಾರ ಪಡೆದರು. ಕಿವಿ ಮಾತ್ರ ಒಮ್ಮೆಯೂ ದೂರು ಕೊಟ್ಟಿರಲಿಲ್ಲ.

ಅಂಗಡಿಗೆ ಬರೋಣ. ಎರಡು ಯಂತ್ರಗಳಲ್ಲಿ ಒಂದು ಅರ್ಧ ಡೆಸಿಬಲ್ ಜೋರಾಗಿದ್ದರೆ ಅದು ‘ಜೋರು’ ಎಂದು ಕೇಳುವುದಿಲ್ಲ, ‘ಸ್ಪಷ್ಟ’, ‘ತುಂಬಿದೆ’, ‘ಜೀವ ಇದೆ’ ಎಂದು ಕೇಳುತ್ತದೆ. ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ತೋರಿಸಿದಂತೆ ದನಿ ತಗ್ಗಿದಾಗ ನಮ್ಮ ಕಿವಿಗೆ ಬೇಸ್ ಮೊದಲು ಮರೆಯಾಗುತ್ತದೆ, ಏರಿಸಿದಾಗ ಮರಳಿ ಬರುತ್ತದೆ. ಆದ್ದರಿಂದ ದನಿಯ ಮಟ್ಟ ಸಮ ಮಾಡದೆ ನಡೆಸಿದ ಹೋಲಿಕೆಗೆ ಮೂರು ಕಾಸಿನ ಬೆಲೆ ಇಲ್ಲ. ಮಾರಾಟಗಾರ ಬೇಕೆಂದೇ ಮೋಸ ಮಾಡಬೇಕಾಗಿಲ್ಲ. ಗುಂಡಿ ಕೂದಲೆಳೆ ಆಚೀಚೆ ಇದ್ದರೂ ಸಾಕು.

ಇಷ್ಟೆಲ್ಲ ಆದ ಮೇಲೂ, ಸ್ಪೀಕರುಗಳ ನಡುವಿನ ವ್ಯತ್ಯಾಸ ಪರದೆಯ ಹಿಂದೆಯೂ ಉಳಿಯುತ್ತದೆ. ದುಡ್ಡಿಗೆ ಕೆಲಸವಿರುವುದು ಇಲ್ಲಿಯೇ. ಟೂಲ್–ಆಲಿವ್ ಕಂಡುಕೊಂಡದ್ದು ಸಮಾಧಾನದ ಸಂಗತಿ: ಜನ ಮೆಚ್ಚುವ ದನಿ ಮನಸ್ಸಿಗೊಂದರಂತೆ ಇಲ್ಲ. ನೇರ ಎದುರಿಗೆ ಸಮತಟ್ಟಾಗಿ, ಪಕ್ಕಗಳಿಗೂ ನಯವಾಗಿ ದನಿ ಚೆಲ್ಲುವ ಸ್ಪೀಕರನ್ನೇ ಹೆಚ್ಚಿನವರು ಮೆಚ್ಚುತ್ತಾರೆ, ಬೆಲೆ ಎಷ್ಟೇ ಇರಲಿ. ಆಲಿವ್ 2004ರಲ್ಲಿ ಕಟ್ಟಿದ ಲೆಕ್ಕದಲ್ಲಿ, ಈ ಮೆಚ್ಚುಗೆಯಲ್ಲಿ ಸುಮಾರು ಶೇ 30ರಷ್ಟು ಪಾಲು ಬೇಸ್‌ನದು. ಬೇಸ್‌ಗೆ ದುಡ್ಡು ಬೇಕೇ ಬೇಕು. ಪೆಟ್ಟಿಗೆ ಚಿಕ್ಕದಿರಬೇಕು, ಆಳದ ಸ್ವರ ಬರಬೇಕು, ಕಡಿಮೆ ವಾಟ್‌ಗೆ ಜೋರಾಗಿ ನುಡಿಯಬೇಕು: ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ ಎನ್ನುತ್ತದೆ ಭೌತಶಾಸ್ತ್ರ.

ನಮ್ಮ ಸಂಗೀತಕ್ಕೆ ಎಷ್ಟು ಆಳ ಬೇಕು? ಗಂಡಸರ ಕಂಠಕ್ಕೆ ಹಾರ್ಮೋನಿಯಂನ ‘ಕಪ್ಪು ಒಂದು’ ಶ್ರುತಿ ಎಂದಿಟ್ಟುಕೊಳ್ಳಿ. ಅದು 139 ಹರ್ಟ್ಸ್. ತಂಬೂರಿಯ ಖರಜದ ತಂತಿ ಅದರ ಅರ್ಧ, 69 ಅಥವಾ 70. ಆರೂವರೆ ಇಂಚಿನ ಕೋನ್ ಇರುವ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ 55–60 ಹರ್ಟ್ಸಿನವರೆಗೆ ಪ್ರಾಮಾಣಿಕವಾಗಿ ಇಳಿಯುತ್ತದೆ. ಖಯಾಲ್, ಕೃತಿ, ಭಾವಗೀತೆ, ದಾಸರ ಪದ ಕೇಳುವವರಿಗೆ ಇದರ ಕೆಳಗೆ ಕಳೆದುಕೊಳ್ಳುವುದು ಬಹಳ ಇಲ್ಲ. ಈಚಿನ ಸಿನಿಮಾ ಹಾಡು, ಪೈಪ್ ಆರ್ಗನ್, ಎಲೆಕ್ಟ್ರಾನಿಕ್ ಸಂಗೀತ ಬೇಕೆನ್ನುವವರು ಒಂದು ಸಬ್‌ವೂಫರ್ ಸೇರಿಸಿಕೊಳ್ಳಬಹುದು. ಅದು ಎತ್ತರದ ದುಬಾರಿ ಟವರ್ ಸ್ಪೀಕರಿಗಿಂತ ಅಗ್ಗವಾಗಿಯೇ ಬಂದೀತು. ಸ್ಪೀಕರ್ ಪರೀಕ್ಷಿಸಲು ನನ್ನನ್ನು ಕೇಳಿದರೆ, ಚೆನ್ನಾಗಿ ಧ್ವನಿಮುದ್ರಿಸಿದ ಯಕ್ಷಗಾನದ ಚೆಂಡೆಯನ್ನು ಕೇಳಿಸಿ ಎನ್ನುತ್ತೇನೆ. ದುರ್ಬಲ ಸ್ಪೀಕರಿನಲ್ಲಿ ಏಟು ಒಂದಕ್ಕೊಂದು ಅಂಟಿ ಸೀಳು ಸದ್ದಾಗುತ್ತದೆ, ಭಾಗವತರ ದನಿ ಅದರಡಿ ಹೂತುಹೋಗುತ್ತದೆ. ಒಳ್ಳೆಯದರಲ್ಲಿ ಒಂದೊಂದು ಏಟಿಗೂ ತುದಿ ಇರುತ್ತದೆ.

ಹೆಡ್‌ಫೋನಿನ ವಿಚಾರ ಚಿಕ್ಕದು. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆ ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದರು. ಸ್ವರವ್ಯಾಪ್ತಿಯ ಗುಣಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ.

ಹತ್ತು ಅಡಿ ಚೌಕದ ಶತ್ರು

ಇನ್ನು ಶೋರೂಮಿನಲ್ಲಿ ಮಾರದ ವಸ್ತುವಿನ ಮಾತು. ಬೆಂಗಳೂರಿನ ಥರ್ಟಿ–ಫಾರ್ಟಿ ಸೈಟಿನ ಮನೆಯಲ್ಲಿ ಸಂಗೀತಕ್ಕೆಂದು ಮೀಸಲಿಡಲು ಸಿಗುವುದು ಸಾಮಾನ್ಯವಾಗಿ ಹತ್ತು–ಹತ್ತರ ರೂಮು. ಎತ್ತರವೂ ಹೆಚ್ಚುಕಡಿಮೆ ಹತ್ತು ಅಡಿ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಸುತ್ತ ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆ, ಒಂದು ಕಡೆ ಗಾಜಿನ ಕಿಟಕಿ. ಸಂಗೀತವನ್ನು ಕೆಡಿಸಲೆಂದೇ ಕೋಣೆ ಕಟ್ಟಿ ಎಂದರೂ ಮೇಸ್ತ್ರಿ ಇದಕ್ಕಿಂತ ಚೆನ್ನಾಗಿ ಕಟ್ಟಲಾರ.

ಲೆಕ್ಕ ಹಾಕಿ. ನಮ್ಮ ಬಿಸಿಲಿಗೆ ದನಿ ಸೆಕೆಂಡಿಗೆ ಸುಮಾರು 1,140 ಅಡಿ ಓಡುತ್ತದೆ. ಹತ್ತು ಅಡಿ ಹೋಗಿ ಗೋಡೆಗೆ ಬಡಿದು ಮರಳಿದರೆ ಇಪ್ಪತ್ತು ಅಡಿ. 1,140ನ್ನು 20ರಿಂದ ಭಾಗಿಸಿದರೆ 57. ಅಂದರೆ 57 ಹರ್ಟ್ಸಿನ ಸ್ವರ ಎರಡು ಗೋಡೆಗಳ ನಡುವೆ ತನ್ನ ಮೇಲೆ ತಾನೇ ಬಂದು ಕೂಡಿಕೊಂಡು ಉಬ್ಬುತ್ತದೆ. ಅದರ ದುಪ್ಪಟ್ಟು 114 ಕೂಡ ಹಾಗೆಯೇ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಈ ಉಬ್ಬು ಮೂರು ದಿಕ್ಕಿನಿಂದಲೂ ಅದೇ ಸ್ವರದ ಮೇಲೆ ಬೀಳುತ್ತದೆ. 57ರಲ್ಲಿ ಗೋಡೆಗೆ ಒರಗಿ ಕೂತವರಿಗೆ ಬೇಸ್ ಗುಂಯ್ಯೆಂದು ಊದಿಕೊಳ್ಳುತ್ತದೆ, ಕೋಣೆಯ ನಟ್ಟನಡುವೆ ಕೂತವರಿಗೆ ಮಾಯವಾಗುತ್ತದೆ. ತಬಲಾ ಕೇಳುವಾಗ ಡಗ್ಗಾದ ಕೆಲವು ಪೆಟ್ಟು ಮಾತ್ರ ಕೋಣೆಯನ್ನೇ ತುಂಬಿ, ಉಳಿದವು ಸೊರಗುವುದಕ್ಕೆ ಕಾರಣ ಇದು. ಗೋದ್ರೆಜ್ ಬೀರುವಿನ ಕನ್ನಡಿ ಯಾವುದೋ ಒಂದೇ ಸ್ವರಕ್ಕೆ ಗಡಗಡ ಅಲುಗುವುದೂ ಇಲ್ಲಿಯೇ. ಈ ಏರಿಳಿತ 10–15 ಡೆಸಿಬಲ್ ಆಗುವುದು ಸಾಮಾನ್ಯ. ಎರಡು ಆಂಪ್ಲಿಫೈಯರುಗಳ ನಡುವೆ ಒಂದು ಡೆಸಿಬಲ್‌ನ ಹತ್ತನೇ ಒಂದು ಭಾಗಕ್ಕಾಗಿ ಜಗಳವಾಡುವವರು ಈ ಹದಿನೈದರ ಒಳಗೆ ಕೂತೇ ಜಗಳವಾಡುತ್ತಿರುತ್ತಾರೆ. ಹತ್ತು ಲಕ್ಷದ ಸ್ಪೀಕರ್ ತಂದಿಟ್ಟರೂ 57 ಹರ್ಟ್ಸ್ 57 ಹರ್ಟ್ಸೇ. ಆಳದ ಬೇಸ್ ಹೆಚ್ಚಿದ್ದಷ್ಟೂ ಕಾಟವೂ ಹೆಚ್ಚು. (ಮಲೆನಾಡಿನ ಹಂಚಿನ ಮನೆಯಲ್ಲಿ ಈ ಕಾಟ ಕಡಿಮೆ, ಬೇಸ್ ಮಾಡಿನ ಸಂದಿಯಿಂದ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಏನೂ ಕೇಳಿಸುವುದಿಲ್ಲ ಎಂಬುದು ಬೇರೆ ಮಾತು.)

ಪರಿಹಾರಗಳಲ್ಲಿ ಮೊದಲನೆಯದು ಪುಕ್ಕಟೆ. ಕೂರುವ ಕುರ್ಚಿಯನ್ನು ಗೋಡೆಯಿಂದ ಎಳೆದು ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದಕ್ಕೆ ತನ್ನಿ. ಸ್ಪೀಕರನ್ನು ಮೂಲೆಯಿಂದ ಬಿಡಿಸಿ, ಹಿಂದಿನ ಗೋಡೆಯಿಂದ ಎರಡಡಿಯಾದರೂ ದೂರ, ಟ್ವೀಟರ್ ಕಿವಿಯ ಎತ್ತರಕ್ಕೆ ಬರುವಂತೆ ಇಡಿ. ಟಿ.ವಿ. ಯೂನಿಟ್ಟಿನ ಖಾನೆಯೊಳಗೆ ತುರುಕಿದ ಸ್ಪೀಕರಿನ ಬಗ್ಗೆ ಏನೂ ಹೇಳಲಾರೆ. ಸಬ್‌ವೂಫರ್ ಇದ್ದರೆ ಅದನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ನೀವು ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತ ಸುತ್ತಿಬನ್ನಿ. ಎಲ್ಲಿ ಬೇಸ್ ಹದವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಬೇಕು. ಮನೆಯವರು ನಗುತ್ತಾರೆ, ನಗಲಿ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ‘ಟ್ರ್ರ್’ ಎಂದು ಕೊನೆಯಲ್ಲಿ ಲೋಹದಂತೆ ನಡುಗಿದರೆ ಗೋಡೆಗಳು ದನಿಯನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದರ್ಥ. ನವಲಗುಂದದ ಜಮಖಾನ ನೆಲಕ್ಕೆ, ಅಜ್ಜಿ ಹೊಲಿದ ದಪ್ಪ ಕೌದಿ ಗೋಡೆಗೆ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು: ಅರ್ಧ ಕೆಲಸ ಆಗಿಹೋಯಿತು. ಇವು ಹಿಡಿಯುವುದು ಮೇಲಿನ ಸ್ವರಗಳನ್ನು ಮಾತ್ರ. ತೆಳು ಬಟ್ಟೆಗೆ ಬೇಸ್ ಬಗ್ಗುವುದಿಲ್ಲ. ಅದಕ್ಕೆ ನಾಲ್ಕರಿಂದ ಆರು ಇಂಚು ದಪ್ಪದ ರಾಕ್‌ವೂಲ್ ತುಂಬಿದ ಚೌಕಟ್ಟು ಬೇಕು. ಪರಿಚಯದ ಬಡಗಿಗೆ ಹೇಳಿದರೆ ಬಟ್ಟೆ ಹೊದಿಸಿ ಮಾಡಿಕೊಡುತ್ತಾರೆ. ಇನ್ನೂ ಹಟ ಇದ್ದವರು ಅಳತೆಯ ಮೈಕ್ ಒಂದನ್ನು ಕೊಂಡು, ‘ರೂಮ್ ಈಕ್ಯೂ ವಿಝರ್ಡ್’ ಎಂಬ ಉಚಿತ ತಂತ್ರಾಂಶದಲ್ಲಿ ತಮ್ಮ ಕೋಣೆಯ ಚಿತ್ರ ನೋಡಬಹುದು. ಉಬ್ಬನ್ನು ಈಕ್ವಲೈಸರಿನಲ್ಲಿ ತಗ್ಗಿಸಬಹುದು. ಗುಂಡಿಯನ್ನು ಮಾತ್ರ ತುಂಬಲು ಹೋಗಬಾರದು, ಆಂಪ್ಲಿಫೈಯರ್ ಬೆವರುತ್ತದೆ, ಫಲ ಸಿಗುವುದಿಲ್ಲ.

ಕೊನೆಯ ಮಿತಿ ನಮ್ಮ ಕೈಯಲ್ಲಿಲ್ಲ. ಅದು ಧ್ವನಿಮುದ್ರಣ. ಎಪ್ಪತ್ತರ ದಶಕದವರೆಗಿನ ಕನ್ನಡ ಚಿತ್ರಗೀತೆಗಳಲ್ಲಿ ಹೆಚ್ಚಿನವು ಮಾನೊ. ಎರಡು ಸ್ಪೀಕರುಗಳಿಂದ ಬಂದರೂ ದನಿ ಒಂದೇ. ಪಿ.ಬಿ. ಶ್ರೀನಿವಾಸರ ಎಡಕ್ಕೆ ಕೊಳಲು, ಬಲಕ್ಕೆ ಪಿಟೀಲು ಕೇಳಬೇಕೆಂದು ನಾಲ್ಕು ಲಕ್ಷ ಖರ್ಚು ಮಾಡಿದರೆ ಅದು ಕೇಳುವುದಿಲ್ಲ. ಅದು ಅಲ್ಲಿ ಇಲ್ಲವೇ ಇಲ್ಲ. ಗಂಗೂಬಾಯಿ ಹಾನಗಲ್ಲರು ಮೂವತ್ತರ ದಶಕದಲ್ಲಿ ಹಾಡಿದ ತಟ್ಟೆಗಳು ಒಂದು ಬದಿಗೆ ಮೂರು ಮಿನಿಟಿನವು. ಅವುಗಳಲ್ಲಿ ಹತ್ತು ಸಾವಿರ ಹರ್ಟ್ಸಿನ ಮೇಲೆ ಇರುವುದು ಮುಳ್ಳಿನ ಸರಸರ. ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರೂ ಓಡುತ್ತಿರಲಿಲ್ಲ. ಆ ವೇಗಕ್ಕೆ ಎಷ್ಟು ಹಿಡಿಯಲು ಸಾಧ್ಯವೋ ಅಷ್ಟೇ ಹಿಡಿಯಿತು. ಇಂಥ ಮುದ್ರಣಗಳನ್ನು ತೀರಾ ಚೊಕ್ಕಟ ಉಪಕರಣದಲ್ಲಿ ಕೇಳಿದರೆ ಹಾಡಿನ ಜೊತೆಗೆ ಹಿಸ್ಸ್, ಬಿರುಕು, ಟೇಪಿನ ನಡುಕ ಎಲ್ಲವೂ ನಿಚ್ಚಳವಾಗುತ್ತವೆ. ಕಾಫಿಪುಡಿ ಹಳತಾದ ಮೇಲೆ ಬೆಳ್ಳಿ ಲೋಟ ತಂದಂತೆ. ಹಾಗೆಂದು ಆ ಹಾಡುಗಳೇನು ಕಡಿಮೆಯಾಗಲಿಲ್ಲ. ಅವು ಮರ್ಫಿ ರೇಡಿಯೊದಲ್ಲೂ ಕಣ್ಣಲ್ಲಿ ನೀರು ತರಿಸಿದ್ದವು.

ದುಬಾರಿ ಉಪಕರಣ ಕೊಳ್ಳುವವರೆಲ್ಲ ಮೂರ್ಖರು ಎಂದು ನಾನು ಹೇಳುತ್ತಿಲ್ಲ. ಬೀಟೆ ಮರದ ಹೊದಿಕೆ, ದಪ್ಪ ಅಲ್ಯೂಮಿನಿಯಂ ಗುಂಡಿ ತಿರುಗಿಸುವ ಸುಖ, ವಾಲ್ವಿನ ಕೆಂಪು ಬೆಳಕು ಇವೆಲ್ಲ ನಿಜವಾದ ಸಂತೋಷಗಳೇ. ದುಡ್ಡಿದ್ದವರು ಕೊಳ್ಳಲಿ. ಅದನ್ನು ‘ಸೌಂಡ್ ಕ್ವಾಲಿಟಿ’ ಎಂಬ ಲೆಕ್ಕದಲ್ಲಿ ಬರೆಯುವುದು ಬೇಡ, ಅಷ್ಟೇ. ಪಿ.ಎಫ್. ಮುರಿದು, ಇಎಂಐ ಹಾಕಿ ಕೊಳ್ಳುವವರ ಬಗ್ಗೆಯೇ ನನ್ನ ಚಿಂತೆ.

ಸಾಮಾನ್ಯ ಮನೆಗೆ ನನ್ನ ಲೆಕ್ಕ ಇಷ್ಟು. ಒಟ್ಟು ಒಂದು ಲಕ್ಷ ಇಟ್ಟುಕೊಂಡರೆ ಅರವತ್ತು ಸಾವಿರ ಸ್ಪೀಕರಿಗೆ, ಇಪ್ಪತ್ತೈದು ಆಂಪ್ಲಿಫೈಯರಿಗೆ, ಉಳಿದ ಹದಿನೈದು ಕೋಣೆಗೆ. ವೈರು, ಸ್ಟ್ಯಾಂಡು ಇದರಲ್ಲೇ ಆಗಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ. ರಬ್ಬರ್ ಅಂಚು ಬಿರಿಯದ ಹತ್ತು ವರ್ಷದ ಸ್ಪೀಕರ್ ಹೊಸದರಷ್ಟೇ ನುಡಿಯುತ್ತದೆ. ಎರಡು–ಎರಡೂವರೆ ಲಕ್ಷದವರೆಗೆ ಹೋದರೆ ಆಳದ ಬೇಸ್, ದೊಡ್ಡ ಹಾಲ್ ತುಂಬುವ ಶಕ್ತಿ ಸಿಗುತ್ತದೆ, ಅದನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಅದರಾಚೆ ಕೊಟ್ಟ ದುಡ್ಡು ಕಿವಿಗೆ ಸೇರುವುದು ಅಪರೂಪ.

ಅಂಗಡಿಯಲ್ಲಿ ಎರಡು ಮಾತು ಕೇಳಿ. ಹೋಲಿಸಿ ತೋರಿಸುವಾಗ ಎರಡರ ದನಿಯನ್ನೂ ಮೊಬೈಲಿನ ಡೆಸಿಬಲ್ ಆ್ಯಪ್‌ನಲ್ಲಿ ನೋಡಿ ಸಮ ಮಾಡಿಸಿಕೊಳ್ಳಿ. ಸ್ಪೀಕರ್ ಜೋಡಿಯನ್ನು ಮನೆಗೆ ಒಯ್ದು, ನಿಮ್ಮ ಕೋಣೆಯಲ್ಲಿ, ನಿಮ್ಮ ಹಾಡುಗಳನ್ನೇ ಒಂದು ವಾರ ಕೇಳಿ ವಾಪಸು ಕೊಡಬಹುದೇ ಎಂದು ಕೇಳಿ. ಒಪ್ಪದ ಅಂಗಡಿಯಲ್ಲಿ ಲಕ್ಷ ದಾಟಿದ ಸ್ಪೀಕರ್ ಕೊಳ್ಳಬೇಡಿ.